ಗಡಿಯಾರ ಬಿಡಿ, ಇಳಿತ ನೋಡಿ: ಡೇನ್‌ಟ್ರೀ ಕರಾವಳಿಯಲ್ಲಿ ಒಂದು ದಿನ

ಪ್ರಶ್ನೆ: ಜುಲೈಯಲ್ಲಿ ಆಸ್ಟ್ರೇಲಿಯಾದ ಕೇರ್ನ್ಸ್‌ಗೆ ಹೋಗುತ್ತಿದ್ದೇವೆ. ನಾನು, ನನ್ನ ಹೆಂಡತಿ, ಒಂಬತ್ತು ವರ್ಷದ ಮಗಳು, ಜೊತೆಗೆ ನನ್ನ ಅಮ್ಮ. ಡೇನ್‌ಟ್ರೀ ಮಳೆಕಾಡಿಗೆ ಅಂತ ಸಿಗುವುದು ಒಂದೇ ದಿನ. ಬಾಡಿಗೆ ಕಾರು ಇರುತ್ತದೆ. ಒಂದು ದಿನ ಸಾಕಾ? ಎಲ್ಲೆಲ್ಲಿ ನಿಲ್ಲಬೇಕು? ಅಷ್ಟು ಚೆಂದದ ಬೀಚಿನಲ್ಲಿ ನೀರಿಗೆ ಇಳಿಯಬಾರದು ಅಂತಾರೆ, ನಿಜಾನಾ? ಮಗಳಿಗೆ ಕ್ಯಾಸೊವರಿ ಅನ್ನುವ, ಹಾರಲಾರದ ದೊಡ್ಡ ಹಕ್ಕಿ ನೋಡಲೇಬೇಕಂತೆ. ಹೋಗಿ ಬಂದ ಪರಿಚಯದವರೊಬ್ಬರು ಮಾತ್ರ ‘ಬರೀ ಮರ, ಏನೂ ಕಾಣಲಿಲ್ಲ’ ಅಂದುಬಿಟ್ಟರು.

ಉತ್ತರ: ನಿಮ್ಮ ಪರಿಚಯದವರು ಸುಳ್ಳು ಹೇಳಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಕಾರಿಳಿದು, ಹಲಗೆ ದಾರಿಯಲ್ಲಿ ಹತ್ತು ನಿಮಿಷ ಬಿರಬಿರನೆ ನಡೆದು, ನಾಲ್ಕು ಫೋಟೊ ತೆಗೆದು ಹೊರಟರೆ ಡೇನ್‌ಟ್ರೀಯಲ್ಲಿ ಕಾಣುವುದು ಬರೀ ಮರವೇ. ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ತಡವಾಗಿ ಎದ್ದೆ, ಫೆರ್ರಿಗೆ ಸಾಲಲ್ಲಿ ಕಾದೆ, ಟಾರು ರಸ್ತೆ ಮುಗಿಯುವ ಕಡಲತುದಿ ಕೇಪ್ ಟ್ರಿಬ್ಯುಲೇಶನ್ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಕಾಡು ಸದ್ದಿಲ್ಲದೆ ಮಲಗಿತ್ತು. ಸಮುದ್ರ ಉಬ್ಬಿ ಮರಗಳ ಬುಡದವರೆಗೂ ಬಂದು ನಿಂತಿತ್ತು, ನಡೆಯಲು ಮರಳೇ ಇರಲಿಲ್ಲ. ಆಮೇಲೆ ಗಿಡಮರಗಳ ಕೆಲಸಕ್ಕೆ ಅಂತ ಎಷ್ಟೋ ಸಲ ಹೋದೆ. ಅಷ್ಟೂ ಸಲದಲ್ಲಿ ಕಲಿತದ್ದು ಇಷ್ಟು: ಈ ಕರಾವಳಿಯಲ್ಲಿ ದಿನವನ್ನು ಗಡಿಯಾರ ನೋಡಿ ಹಾಕಿಕೊಳ್ಳಬಾರದು, ಉಬ್ಬರ ಇಳಿತ ನೋಡಿ ಹಾಕಿಕೊಳ್ಳಬೇಕು.

ಅದಕ್ಕೇ ನಿಮಗೆ ಕೊಡುವ ಮೊದಲ ಕೆಲಸ ಇದು. ಹೋಗುವ ದಿನ ಕೇರ್ನ್ಸ್‌ಗೂ ಡೇನ್‌ಟ್ರೀಗೂ ನಡುವಿನ ಪೋರ್ಟ್ ಡಗ್ಲಸ್‌ನಲ್ಲಿ ಸಮುದ್ರ ಎಷ್ಟು ಹೊತ್ತಿಗೆ ಇಳಿಯುತ್ತದೆ ಅಂತ ಆಸ್ಟ್ರೇಲಿಯಾದ ಹವಾಮಾನ ಇಲಾಖೆಯ ಪಟ್ಟಿಯಲ್ಲಿ ನೋಡಿಕೊಳ್ಳಿ. ಈ ಭಾಗದಲ್ಲಿ ದೊಡ್ಡ ಉಬ್ಬರಕ್ಕೂ ದೊಡ್ಡ ಇಳಿತಕ್ಕೂ ನಡುವೆ ಸುಮಾರು 3 ಮೀಟರ್ ವ್ಯತ್ಯಾಸ ಬರುತ್ತದೆ. ಬೀಚು ಬಹುಪಾಲು ಸಮತಟ್ಟು. ಹಾಗಾಗಿ ನೀರು ಇಳಿದಾಗ ಮರಳು ದೂರದವರೆಗೆ ತೆರೆದುಕೊಳ್ಳುತ್ತದೆ, ಉಬ್ಬಿದಾಗ ಇದ್ದಷ್ಟೂ ಮಾಯವಾಗುತ್ತದೆ. ಇಳಿತದ ಹೊತ್ತು ದಿನಕ್ಕೆ ಹೆಚ್ಚುಕಮ್ಮಿ ಐವತ್ತು ನಿಮಿಷ ಮುಂದಕ್ಕೆ ಹೋಗುತ್ತಿರುತ್ತದೆ. ನಿಮ್ಮ ತಾರೀಕು ಇನ್ನೂ ಗಟ್ಟಿಯಾಗಿಲ್ಲ ಅಂದರೆ ಒಂದೆರಡು ದಿನ ಆಚೀಚೆ ಮಾಡಿಕೊಳ್ಳಬಹುದು.

ಇಳಿತದಲ್ಲಿ ಎರಡು ಲಾಭ ಇದೆ, ಎರಡೂ ಬೇರೆ ಬೇರೆ ಜಾಗದಲ್ಲಿ. ಕೇಪ್‌ನ ಬೀಚಿನಲ್ಲಿ ನಡೆದಾಡಲು ಜಾಗ ಸಿಗುತ್ತದೆ. ಡೇನ್‌ಟ್ರೀ ನದಿಯಲ್ಲಿ ಕೆಸರಿನ ದಡ ಬಯಲಾಗಿ ಮೊಸಳೆಗಳು ಬಿಸಿಲು ಕಾಯಲು ಮೇಲೆ ಬರುತ್ತವೆ. ಮೊಸಳೆಗೆ ಮೈ ಬೆಚ್ಚಗಾಗಬೇಕಾದರೆ ಬಿಸಿಲೇ ಗತಿ, ಜುಲೈಯಲ್ಲಿ ನದಿಯ ನೀರು ತಣ್ಣಗೆ. ಅದಕ್ಕೇ ಅಲ್ಲಿಯ ಚಳಿಗಾಲ ಮೊಸಳೆ ನೋಡಲು ಒಳ್ಳೆಯ ಕಾಲ. ಇಳಿತ ಬೆಳಗ್ಗೆ ಬಿದ್ದರೆ ನದಿ ದಾಟುವ ಮೊದಲೇ ಒಂದು ಗಂಟೆಯ ದೋಣಿ ಸುತ್ತು ಮುಗಿಸಿ, ಆಮೇಲೆ ಕಾಡಿಗೆ ಹೋಗಿ. ಮಧ್ಯಾಹ್ನದ ಮೇಲೆ ಬಿದ್ದರೆ ಮೊಸಳೆ ಆಸೆ ಬಿಡಿ. ಸೀದಾ ಉತ್ತರಕ್ಕೆ ಹೋಗಿ, ಇಳಿತದ ಹೊತ್ತಿಗೆ ಕೇಪ್‌ನ ಮರಳ ಮೇಲಿರಿ. ಎರಡೂ ಬೇಕು ಅಂತ ಹಟ ಹಿಡಿದರೆ ಇಡೀ ದಿನ ಕಾರಿನಲ್ಲೇ ಕಳೆಯುತ್ತದೆ.

ಈಗ ದಾರಿ. ಕೇರ್ನ್ಸ್‌ನಿಂದ ಕೇಪ್ ಟ್ರಿಬ್ಯುಲೇಶನ್ ಸುಮಾರು 140 ಕಿಲೋಮೀಟರ್. ಸಮುದ್ರದ ಪಕ್ಕದಲ್ಲೇ ಸಾಗಿ, ಮಾಸ್‌ಮನ್ ಊರಿನ ಕಬ್ಬಿನ ಗದ್ದೆಗಳನ್ನು ದಾಟಿ, ಡೇನ್‌ಟ್ರೀ ನದಿಗೆ ಬರುತ್ತೀರಿ. ಅಲ್ಲಿ ಸೇತುವೆ ಇಲ್ಲ. ಎರಡು ದಡಕ್ಕೂ ಕಟ್ಟಿದ ಉಕ್ಕಿನ ಹಗ್ಗ ಹಿಡಿದು ಸಾಗುವ ಫೆರ್ರಿ ಇದೆ. ಕಾರನ್ನು ಹತ್ತಿಸಿ ನಿಲ್ಲಿಸಿದರೆ ಐದಾರು ನಿಮಿಷದಲ್ಲಿ ಆಚೆ ದಡ. ಸೇತುವೆ ಬೇಕೋ ಬೇಡವೋ ಅನ್ನುವ ವಾದ ಅಲ್ಲಿ ದಶಕಗಳಿಂದ ನಡೆದಿದೆ. ನನ್ನ ಕೇಳಿದರೆ ಬೇಡ. ಆ ಫೆರ್ರಿ ಒಂದು ಬಾಗಿಲ ಚಿಲಕ ಇದ್ದ ಹಾಗೆ. ಅದು ಇರುವುದರಿಂದಲೇ ಆಚೆಗಿನ ಕಾಡು ಇನ್ನೂ ಕಾಡಾಗಿದೆ.

ಬೆಳಗ್ಗೆ ಆರಕ್ಕಿಂತ ಮೊದಲೇ ಕೇರ್ನ್ಸ್ ಬಿಡಿ. ಎಂಟರೊಳಗೆ ಫೆರ್ರಿ ಹತ್ತಿದರೆ ದಿನ ನಿಮ್ಮದು. ಹತ್ತರ ಮೇಲೆ ಹೋದರೆ ಸಾಲು ಬೆಳೆದಿರುತ್ತದೆ, ಜುಲೈ ಮೊದಲ ವಾರಗಳಲ್ಲಂತೂ ಅಲ್ಲಿ ಶಾಲೆಗಳಿಗೂ ರಜ. ಪೆಟ್ರೋಲನ್ನು ಮಾಸ್‌ಮನ್‌ನಲ್ಲೇ ತುಂಬಿಸಿಕೊಳ್ಳಿ. ನದಿ ದಾಟಿದ ಮೇಲೆ ಫೋನ್ ಸಿಗ್ನಲ್ ಬಹುಪಾಲು ಇರುವುದಿಲ್ಲ, ಹಾಗಾಗಿ ಮ್ಯಾಪನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಸಾರ್ವಜನಿಕ ವಿದ್ಯುತ್ ಲೈನ್ ಕೂಡ ನದಿ ದಾಟಿ ಹೋಗಿಲ್ಲ. ಅಲ್ಲಿಯ ಮನೆಗಳು ನಡೆಯುವುದು ಸೋಲಾರ್, ಜನರೇಟರ್‌ಗಳ ಮೇಲೆ.

ಮಾಸ್‌ಮನ್ ಗಾರ್ಜ್ ಅಂತ ದಾರಿಯಲ್ಲೇ ಒಂದು ಸುಂದರ ಕಣಿವೆ ಸಿಗುತ್ತದೆ. ಎಲ್ಲ ಪ್ರವಾಸದ ಪಟ್ಟಿಯಲ್ಲೂ ಅದು ಇರುತ್ತದೆ. ಈ ದಿನ ಅದನ್ನು ಬಿಟ್ಟುಬಿಡಿ. ಕಾರು ನಿಲ್ಲಿಸಿ, ಅವರ ಬಸ್ಸು ಹತ್ತಿ, ನಡೆದು ವಾಪಸ್ ಬರುವಷ್ಟರಲ್ಲಿ ಬೆಳಗಿನ ಒಳ್ಳೆಯ ಹೊತ್ತೆಲ್ಲ ಹೋಗಿರುತ್ತದೆ.

ಫೆರ್ರಿ ಇಳಿದ ಮೇಲೆ ಕೇಪ್‌ವರೆಗೆ ಸುಮಾರು 35 ಕಿಲೋಮೀಟರ್ ಟಾರು ರಸ್ತೆ. ತಿರುವು ಜಾಸ್ತಿ, ಕಿರಿದು. ಒಂದು ಗಂಟೆ ಇಟ್ಟುಕೊಳ್ಳಿ. ಮೊದಲು ಅಲೆಕ್ಸಾಂಡ್ರಾ ಬೆಟ್ಟದ ಮೇಲೆ ಒಂದು ನೋಟದ ಕಟ್ಟೆ ಬರುತ್ತದೆ. ಐದು ನಿಮಿಷ ನಿಂತು ನದಿ ಸಮುದ್ರ ಸೇರುವುದನ್ನು ನೋಡಿ. 2023ರ ಡಿಸೆಂಬರಿನಲ್ಲಿ ಜಾಸ್ಪರ್ ಚಂಡಮಾರುತ ಬಂದಾಗ ಈ ಭಾಗದ ಕೆಲವು ಕಡೆ ಒಂದು ವಾರದೊಳಗೆ 2 ಮೀಟರಿಗೂ ಹೆಚ್ಚು ಮಳೆ ಸುರಿಯಿತು. ಇದೇ ಬೆಟ್ಟದ ರಸ್ತೆ ಕುಸಿದು ಕೇಪ್‌ನ ಜನ ಹೊರಗಿನ ಸಂಪರ್ಕವೇ ಇಲ್ಲದೆ ಉಳಿದಿದ್ದರು. ಹೊರಡುವ ಹಿಂದಿನ ದಿನ ರಸ್ತೆಯ ಸ್ಥಿತಿ, ಕಾಲುದಾರಿಗಳ ಸ್ಥಿತಿ ಎರಡನ್ನೂ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಆ ಕಟ್ಟೆಯ ಮೇಲೆ ನಿಂತಾಗಲೇ ಈ ಕಾಡು ಇಲ್ಲೇ ಯಾಕೆ ಉಳಿದಿದೆ ಅನ್ನುವುದು ಅರ್ಥವಾಗುತ್ತದೆ. ಒಂದು ಕಡೆ ಸಮುದ್ರ, ಅದರ ಬೆನ್ನಿಗೇ ಬೆಟ್ಟ. ಥಾರ್ನ್‌ಟನ್ ಶಿಖರ 1,374 ಮೀಟರ್ ಎತ್ತರ, ಅದೂ ತೀರಕ್ಕೆ ಅಷ್ಟು ಹತ್ತಿರದಲ್ಲಿ. ಆಗ್ನೇಯದಿಂದ ಬೀಸುವ ಗಾಳಿ ಸಮುದ್ರದ ತೇವ ಹೊತ್ತು ಬಂದು ನೇರವಾಗಿ ಈ ಗೋಡೆಗೆ ಬಡಿಯುತ್ತದೆ, ಮೇಲೇರಿ ತಣಿಯುತ್ತದೆ, ಸುರಿಯುತ್ತದೆ. ಕೇಪ್‌ನಲ್ಲಿ ವರ್ಷಕ್ಕೆ ಮೂರೂವರೆ ಮೀಟರಿಗೂ ಜಾಸ್ತಿ ಮಳೆ. ಆಸ್ಟ್ರೇಲಿಯಾ ಖಂಡ ಲಕ್ಷಾಂತರ ವರ್ಷಗಳಲ್ಲಿ ಒಣಗುತ್ತಾ ಹೋದಾಗ ಮಳೆಕಾಡು ಎಲ್ಲ ಕಡೆಯಿಂದ ಹಿಂದೆ ಸರಿಯಿತು. ಹಿಮಯುಗಗಳ ಒಣ ಕಾಲದಲ್ಲಿ ಇನ್ನಷ್ಟು ಕುಗ್ಗಿತು. ಇಂಥ ಒದ್ದೆ ಮೂಲೆಗಳಲ್ಲಿ ಮಾತ್ರ ಬೇರೂರಿ ಕೂತಿತು.

ಕರಪತ್ರಗಳಲ್ಲಿ ‘18 ಕೋಟಿ ವರ್ಷ ಹಳೆಯ ಕಾಡು’ ಅಂತ ಓದುತ್ತೀರಿ. ಆ ಅಂಕಿಗೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಮರಗಳಿಗೆ ಅಷ್ಟು ವಯಸ್ಸಾಗಿಲ್ಲ, ಕಾಡು ಒಂದೇ ಅಳತೆಯಲ್ಲಿ ನಿಂತಿದ್ದೂ ಇಲ್ಲ. ಹಳೆಯದು ಅಂದರೆ ಇಲ್ಲಿಯ ಗಿಡಗಳ ಮನೆತನ. ಹೂಬಿಡುವ ಗಿಡಗಳ ತೀರಾ ಆದಿಯ 19 ಕುಟುಂಬಗಳಲ್ಲಿ 12, ಡೇನ್‌ಟ್ರೀಯೂ ಸೇರಿದ ‘ವೆಟ್ ಟ್ರಾಪಿಕ್ಸ್’ ಎಂಬ ಮಳೆಕಾಡು ಪ್ರದೇಶದಲ್ಲಿ ಸಿಗುತ್ತವೆ ಅಂತ ಲೆಕ್ಕ. ಆಸ್ಟ್ರೇಲಿಯಾದ ನೆಲದಲ್ಲಿ ಸಾವಿರಕ್ಕೆ ಒಂದು ಪಾಲಿನಷ್ಟು ಜಾಗ ಇದು. ದೇಶದ ಹಕ್ಕಿ ಜಾತಿಗಳಲ್ಲಿ ನೂರಕ್ಕೆ ಸುಮಾರು 40, ಚಿಟ್ಟೆಗಳಲ್ಲಿ ಸುಮಾರು 60 ಇಲ್ಲಿವೆ.

ಮನೆತನದ ಮಾತು ಬಂದಿದ್ದಕ್ಕೆ ಒಂದು ಕತೆ ಹೇಳಿಬಿಡುತ್ತೇನೆ. 1971ರಲ್ಲಿ ಡೇನ್‌ಟ್ರೀಯ ಒಬ್ಬ ರೈತನ ದನಗಳು ಇದ್ದಕ್ಕಿದ್ದಂತೆ ಸತ್ತವು. ಯಾರೋ ವಿಷ ಹಾಕಿದ್ದಾರೆ ಅಂದುಕೊಂಡರು. ಹೊಟ್ಟೆ ಕೊಯ್ದು ನೋಡಿದರೆ ಒಳಗೆ ಯಾವುದೋ ದೊಡ್ಡ ಬೀಜದ ಚೂರುಗಳು. ವಿಷ ಇದ್ದದ್ದು ಅದರಲ್ಲಿ. ಅದೇ ಇಡಿಯೊಸ್ಪರ್ಮಮ್ ಅನ್ನುವ ಮರದ ಬೀಜ. ಲುಡ್ವಿಗ್ ಡೀಲ್ಸ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞ 1902ರಲ್ಲಿ ಕೇರ್ನ್ಸ್‌ನ ದಕ್ಷಿಣಕ್ಕೆ ಇದನ್ನು ಕಂಡಿದ್ದ. ಆಮೇಲೆ ಆ ಜಾಗವೆಲ್ಲ ಕಬ್ಬಿನ ಗದ್ದೆಯಾಗಿ, ಮರ ಭೂಮಿಯ ಮೇಲೇ ಇಲ್ಲ ಅಂತ ಎಲ್ಲರೂ ಕೈಬಿಟ್ಟಿದ್ದರು. ದನಗಳು ಸತ್ತು ಅದನ್ನು ಹುಡುಕಿ ಕೊಟ್ಟವು. ಇದರ ವಂಶ ಹೂಗಿಡಗಳ ಶುರುವಿನ ಕಾಲಕ್ಕೆ ಹೋಗುತ್ತದೆ. ಮುಷ್ಟಿಯಷ್ಟು ದೊಡ್ಡ ಬೀಜ, ತಿಂದರೆ ವಿಷ. ಸುಮ್ನೆ ಬುಡದಲ್ಲೇ ಉದುರಿ ಇಳಿಜಾರಿನಲ್ಲಿ ಉರುಳುತ್ತದೆ, ಅಷ್ಟೇ ಅದರ ಪಯಣ. ಸ್ಥಳೀಯರು ಇದನ್ನು ‘ಈಡಿಯಟ್ ಫ್ರೂಟ್’ ಅಂತ ಕರೆಯುತ್ತಾರೆ. ಹೆಸರು ಕೇಳಿ ಮಗಳು ನಗುತ್ತಾಳೆ ನೋಡಿ.

ಬೆಟ್ಟ ಇಳಿದ ಮೇಲೆ ಮೊದಲ ನಡಿಗೆ ಜಿಂದಲ್ಬಾ. ಬೆಳಗ್ಗೆ ಇನ್ನೂ ತಂಪಿರುವಾಗಲೇ ಇಲ್ಲಿಗೆ ಬನ್ನಿ, ಯಾಕೆಂದರೆ ಇದು ಕ್ಯಾಸೊವರಿ ಓಡಾಡುವ ಜಾಗ. ಹಲಗೆ ದಾರಿ ಚಿಕ್ಕದು, ಆದರೆ ಅದಕ್ಕೆ ಮುಕ್ಕಾಲು ಗಂಟೆ ಕೊಡಿ. ಹತ್ತು ಹೆಜ್ಜೆ ನಡೆದು ಎರಡು ನಿಮಿಷ ನಿಲ್ಲುವುದು ನನ್ನ ಪದ್ಧತಿ. ನಿಂತಾಗಲೇ ಕಾಡು ಮಾತಾಡುವುದು. ನೆಲದ ಒಣ ಎಲೆಯಲ್ಲಿ ಸರಬರ ಸದ್ದಾದರೆ ನೋಡಿ, ಅದು ಮಸ್ಕಿ ರ‍್ಯಾಟ್ ಕಾಂಗರೂ ಇರಬಹುದು. ಕಾಂಗರೂ ಸಂಬಂಧಿಗಳಲ್ಲೆಲ್ಲ ಪುಟ್ಟದು, ಅರ್ಧ ಕಿಲೋ ತೂಗುತ್ತದೆ. ಹಗಲಲ್ಲೇ ಓಡಾಡುತ್ತದೆ. ಮಿಕ್ಕ ಕಾಂಗರೂಗಳ ಹಾಗೆ ಎರಡು ಕಾಲಲ್ಲಿ ನೆಗೆಯದೆ ನಾಲ್ಕೂ ಕಾಲಲ್ಲಿ ಕುಪ್ಪಳಿಸುತ್ತದೆ. ಮರದ ಕಾಂಡಗಳನ್ನು ನಿಮ್ಮ ಎದೆಮಟ್ಟದಲ್ಲಿ ಗಮನಿಸುತ್ತಾ ಹೋಗಿ. ಬಾಯ್ಡ್ಸ್ ಫಾರೆಸ್ಟ್ ಡ್ರ್ಯಾಗನ್ ಎಂಬ ಓತಿ ಕಾಂಡಕ್ಕೆ ಅಂಟಿಕೊಂಡು ಕಲ್ಲಿನಂತೆ ಕೂತಿರುತ್ತದೆ. ನೀವು ಈ ಕಡೆ ಬಂದರೆ ಅದು ಮೆಲ್ಲಗೆ ಆ ಕಡೆಗೆ ಜರುಗುತ್ತದೆ. ಮಕ್ಕಳ ಕಣ್ಣಿಗೆ ಇದು ಬೇಗ ಬೀಳುತ್ತದೆ, ದೊಡ್ಡವರು ದಾಟಿ ಹೋಗಿಬಿಡುತ್ತಾರೆ.

ಕ್ಯಾಸೊವರಿ ವಿಷಯಕ್ಕೆ ಬರೋಣ. ಕಂಡೇ ಕಾಣುತ್ತದೆ ಅಂತ ನಾನು ಮಾತು ಕೊಡಲಾರೆ. ಆದರೆ ಅದರ ಲದ್ದಿ ಕಾಣುವ ಸಾಧ್ಯತೆ ಚೆನ್ನಾಗಿದೆ, ನನಗಂತೂ ಅದು ಹಕ್ಕಿಗಿಂತ ಕಮ್ಮಿ ಖುಷಿ ಕೊಡುವುದಿಲ್ಲ. ದಾರಿಯಂಚಿನಲ್ಲಿ ಒಂದು ಬೊಗಸೆ ದೊಡ್ಡ ದೊಡ್ಡ ಬೀಜಗಳನ್ನು ಯಾರೋ ಸುರಿದ ಹಾಗೆ ಬಿದ್ದಿರುತ್ತದೆ, ನಡುವೆ ನೀಲಿ ಕೆಂಪು ಸಿಪ್ಪೆ. ಅದೇ. ಈ ಹಕ್ಕಿ ಹಣ್ಣನ್ನು ಜಗಿಯದೆ ಇಡಿಯಾಗಿ ನುಂಗುತ್ತದೆ. ತಿರುಳು ಕರಗಿ ಬೀಜ ಹಾಗೇ ಹೊರಬರುತ್ತದೆ, ಅದೂ ತಾಯಿ ಮರದಿಂದ ದೂರದಲ್ಲಿ, ಗೊಬ್ಬರದ ಜೊತೆಗೆ. ಇನ್ನೂರಕ್ಕೂ ಹೆಚ್ಚು ಜಾತಿಯ ಗಿಡಗಳ ಬೀಜ ಹೀಗೆ ಸಾಗುತ್ತವೆ. ರೈಪರೋಸಾ ಅನ್ನುವ ಇಲ್ಲಿಯ ಒಂದು ಮರದ ಬೀಜವನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಹಾಗೇ ನೆಟ್ಟರೆ ನೂರಕ್ಕೆ ಸುಮಾರು 4 ಮೊಳೆತವು. ಕ್ಯಾಸೊವರಿ ಹೊಟ್ಟೆ ದಾಟಿ ಬಂದವು ನೂರಕ್ಕೆ 92! ಆ ದೊಡ್ಡ ಬೀಜಗಳನ್ನು ನುಂಗಿ ಸಾಗಿಸುವಷ್ಟು ಗಂಟಲು ಈ ಕಾಡಿನಲ್ಲಿ ಬೇರೆ ಯಾವ ಪ್ರಾಣಿಗೂ ಇಲ್ಲ. ಈಗ ನಿಮ್ಮ ಮಗಳಿಗೆ ಹೇಳಿ, ಈ ಹಕ್ಕಿ ಇಲ್ಲಿಯ ತೋಟಗಾರ ಅಂತ.

ಹೆಣ್ಣು ಹಕ್ಕಿ ಗಂಡಿಗಿಂತ ದೊಡ್ಡದು, ಸುಮಾರು ಆಳೆತ್ತರ, ದೊಡ್ಡವು 70 ಕಿಲೋ ದಾಟುತ್ತವೆ. ಮೊಟ್ಟೆ ಇಟ್ಟು ಅವಳು ತನ್ನ ದಾರಿ ಹಿಡಿಯುತ್ತಾಳೆ. ಕಾವು ಕೊಡುವುದು, ಮರಿಗಳನ್ನು ತಿಂಗಳುಗಟ್ಟಲೆ ಜೊತೆಗೆ ಕರೆದುಕೊಂಡು ತಿರುಗುವುದು ಎಲ್ಲ ಅಪ್ಪನ ಕೆಲಸ. ಅಮ್ಮನಿಗೂ ಹೆಂಡತಿಗೂ ಇದನ್ನು ಹೇಳುವಾಗ ನೀವು ಸ್ವಲ್ಪ ಹುಷಾರಾಗಿರಿ.

ಎದುರಿಗೆ ಬಂದರೆ? ಓಡಬೇಡಿ. ಮುಖ ಅದರ ಕಡೆಗೇ ಇಟ್ಟುಕೊಂಡು ಮೆಲ್ಲಗೆ ಹಿಂದೆ ಸರಿಯಿರಿ. ಬೆನ್ನಿನ ಚೀಲವನ್ನು ಮುಂದೆ ಹಿಡಿದುಕೊಳ್ಳಿ, ಸಿಕ್ಕಿದರೆ ಒಂದು ಮರದ ಹಿಂದೆ ಹೋಗಿ. ಮಗಳು ನಿಮ್ಮ ಹಿಂದಿರಲಿ. ಅದರ ಕಾಲಿನ ಒಳಬೆರಳಲ್ಲಿ 12 ಸೆಂಟಿಮೀಟರ್‌ವರೆಗಿನ ಚೂರಿಯಂಥ ಉಗುರು ಇದೆ. ಆದರೆ ಆಸ್ಟ್ರೇಲಿಯಾದಲ್ಲಿ ಇದರಿಂದ ಸತ್ತ ದಾಖಲೆ ಒಂದೇ, 1926ರಲ್ಲಿ, ಮಾಸ್‌ಮನ್ ಹತ್ತಿರ. ಅದೂ ಹಕ್ಕಿಯನ್ನು ಹೊಡೆಯಲು ಹೋಗಿದ್ದ ಹುಡುಗ. ಹಕ್ಕಿ ಜಗಳಗಂಟಿ ಆಗುವುದು ಬಹುಪಾಲು ಜನ ತಿನ್ನಲು ಕೊಟ್ಟು ರೂಢಿ ಮಾಡಿಸಿದ ಕಡೆ. ತಿಂಡಿ ಕೊಡುವುದು ಕಾನೂನಿನ ಪ್ರಕಾರವೂ ತಪ್ಪು. ನಿಜವಾದ ಅಪಾಯ ನಮ್ಮಿಂದ ಅದಕ್ಕೆ. ಕಾರು ಬಡಿದು ಸಾಯುವುದು, ನಾಯಿ ಹಿಡಿಯುವುದು ಜಾಸ್ತಿ. ಅಲ್ಲಿಯ ರಸ್ತೆಯಲ್ಲಿ ಒಂದು ತಮಾಷೆಯ ಫಲಕ ಹೆಸರಾಗಿದೆ. ರಸ್ತೆ ಉಬ್ಬು ಇದೆ ಅಂತ ಹಾಕಿದ್ದ ಗುರುತಿಗೆ ಯಾರೋ ಕೊಕ್ಕು ಕಾಲು ಬರೆದು, ಅಡ್ಡ ಬಿದ್ದ ಕ್ಯಾಸೊವರಿ ಮಾಡಿಬಿಟ್ಟಿದ್ದರು. ನಿಂತ ಹಕ್ಕಿಯ ಫಲಕದಲ್ಲಿ ‘ಮುಂಚೆ’, ಇದರಲ್ಲಿ ‘ಆಮೇಲೆ’ ಅಂತ. ನಗು ಬರುತ್ತದೆ, ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ.

ಎರಡನೆಯ ನಡಿಗೆ ಮಾರ್‌ಜಾ. ಒಂದೇ ಒಂದು ಕಡೆ ನಿಲ್ಲಲು ಸಮಯ ಇದೆ ಅಂದರೆ ನಾನು ಇದನ್ನೇ ಆರಿಸುತ್ತೇನೆ. 1.2 ಕಿಲೋಮೀಟರ್ ಸುತ್ತು. ಒಂದೇ ಹಲಗೆ ದಾರಿ ಮಳೆಕಾಡಿನಲ್ಲಿ ಶುರುವಾಗಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಹೊಕ್ಕು ಆಲಿವರ್ ಹಳ್ಳದ ಅಂಚಿಗೆ ಬರುತ್ತದೆ. ಕಾಡು ಎಲ್ಲಿ ಮುಗಿಯಿತು, ಕಡಲು ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಮೊದಲು ಬೀಸಣಿಗೆ ತಾಳೆಗಳು, ದುಂಡನೆಯ ಎಲೆ ಕೊಡೆಯಂತೆ ಹರಡಿ ಬೆಳಕನ್ನು ಹಸಿರಾಗಿ ಸೋಸುತ್ತವೆ. ಆಮೇಲೆ ನೆಲ ಒದ್ದೆಯಾಗುತ್ತದೆ. ಗಾಳಿಯ ವಾಸನೆ ಬದಲಾಗುತ್ತದೆ, ಕೊಳೆತ ಮೊಟ್ಟೆಯ ಹಾಗೆ. ಕೆಸರಿನಲ್ಲಿ ಆಮ್ಲಜನಕ ಇಲ್ಲದೆ ಬದುಕುವ ಬ್ಯಾಕ್ಟೀರಿಯಾಗಳ ಅಡುಗೆಮನೆ ಅದು.

ಆ ಕೆಸರಿನಲ್ಲಿ ಉಸಿರಾಡಲು ಬೇರುಗಳು ಪಡುವ ಪಾಡು ನೋಡಿ. ಒಂದು ಜಾತಿ ಊರುಗೋಲಿನ ಹಾಗೆ ಬೇರನ್ನು ಮೇಲಿಂದಲೇ ಇಳಿಬಿಟ್ಟಿದೆ. ಇನ್ನೊಂದು ಮಂಡಿ ಮಡಚಿದ ಹಾಗೆ ಬೇರನ್ನು ಕೆಸರಿಂದ ಮೇಲೆತ್ತಿ ಮತ್ತೆ ಒಳಗೆ ತೂರಿಸಿದೆ. ಮತ್ತೊಂದು ಪೆನ್ಸಿಲ್ ಮೊನೆಗಳನ್ನು ನೆಟ್ಟಂತೆ ಸಾಲಾಗಿ ಮೇಲಕ್ಕೆ ಚಾಚಿದೆ. ಉಪ್ಪಿನ ಜೊತೆ ಹೋರಾಟವೂ ಹೀಗೇ ಬೇರೆ ಬೇರೆ. ಕೆಲವು ಬೇರಲ್ಲೇ ಸೋಸಿಬಿಡುತ್ತವೆ, ಕೆಲವು ಒಳಗೆ ತೆಗೆದುಕೊಂಡು ಎಲೆಯ ಮೇಲೆ ಹೊರಹಾಕುತ್ತವೆ. ಲುಕಿಂಗ್ ಗ್ಲಾಸ್ ಮ್ಯಾಂಗ್ರೋವ್ ಅಂತ ಒಂದು ಮರ ಇದೆ. ಎಲೆಯ ಅಡಿಭಾಗ ಬೆಳ್ಳಿ ಬಣ್ಣ, ಬುಡದ ಬೇರು ರಿಬ್ಬನ್ನಿನಂತೆ ಅಂಕುಡೊಂಕಾಗಿ ಹರಡಿರುತ್ತದೆ. ಅದರ ಕಾಯಿಯ ಬೆನ್ನಿಗೆ ಹಾಯಿಯಂಥ ಏಣು. ನೀರಿಗೆ ಬಿದ್ದರೆ ಪುಟ್ಟ ದೋಣಿಯಾಗಿ ತೇಲುತ್ತಾ ಹೋಗುತ್ತದೆ. ಇಳಿತದ ಹೊತ್ತಾದರೆ ಕೆಸರಿನ ಮೇಲೆ ಮಡ್‌ಸ್ಕಿಪ್ಪರ್ ಮೀನುಗಳು ಈಜುರೆಕ್ಕೆಯನ್ನೇ ಊರಿಕೊಂಡು ಕುಪ್ಪಳಿಸುತ್ತಿರುತ್ತವೆ. ಮೀನು ನೀರಿನಿಂದಾಚೆ ಓಡಾಡುವುದನ್ನು ನಿಮ್ಮ ಮಗಳು ನೋಡಲಿ. ಅಮ್ಮನಿಗೆ ಇಲ್ಲಿ ನಡೆಯುವುದು ಕಷ್ಟವೇನೂ ಅಲ್ಲ.

ಹಲಗೆಯ ಮೇಲೇ ನಡೆಯಿರಿ ಅಂತ ಫಲಕ ಹಾಕಿರುವುದು ಸುಮ್ನೆ ಅಲ್ಲ. ದಾರಿಯ ಪಕ್ಕ ತೆಳ್ಳನೆಯ, ಕೊಕ್ಕೆಮುಳ್ಳಿನ ಬಳ್ಳಿ ಜೋತಾಡುತ್ತಿರುತ್ತದೆ. ಅದು ಬೆತ್ತದ ಜಾತಿ. ಅಲ್ಲಿಯವರು ‘ವೇಟ್ ಅ ವೈಲ್’ ಅಂತಾರೆ, ಅಂದರೆ ‘ಸ್ವಲ್ಪ ತಾಳಪ್ಪ’. ಬಟ್ಟೆಗೆ ಸಿಕ್ಕಿಕೊಂಡರೆ ಎಳೆಯದೆ ಹಿಂದಕ್ಕೆ ಬಂದು ಬಿಡಿಸಿಕೊಳ್ಳಬೇಕು. ಅದು ಬಟ್ಟೆ, ಚರ್ಮ ಗೀರುವಷ್ಟೇ ಕಂಟಕ. ಗಿಂಪಿ ಗಿಂಪಿ ಹಾಗಲ್ಲ. ಹೃದಯದ ಆಕಾರದ ಅಗಲ ಎಲೆಯ ಗಿಡ ಅದು. ಬೆಳಕು ಬೀಳುವ ತೆರವುಗಳಲ್ಲಿ, ದಾರಿಯ ಅಂಚಿನಲ್ಲಿ ಬೆಳೆಯುತ್ತದೆ. ಎಲೆಯ ತುಂಬ ಗಾಜಿನ ಸೂಜಿಯಂಥ ರೋಮ. ತಾಗಿದರೆ ಉರಿ ವಾರ, ಕೆಲವು ಸಲ ತಿಂಗಳುಗಟ್ಟಲೆ ಬಿಡುವುದಿಲ್ಲ. ಅಗಲ ಎಲೆ ಕಂಡಲ್ಲೆಲ್ಲ ಮುಟ್ಟುವ ಅಭ್ಯಾಸ ಇದ್ದರೆ ಆ ದಿನ ಜೇಬಲ್ಲಿ ಕೈ ಇರಲಿ.

ಹಲಗೆ ದಾರಿಯ ಕೈಕಂಬಿಯ ಮೇಲೆ ಹಸಿರು ಹೊಟ್ಟೆಯ ಇರುವೆಗಳ ಸಾಲು ಕಂಡರೆ ಹೆದರಬೇಡಿ. ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆಯೇ ಅದು, ಅಲ್ಲಿ ಮೈಬಣ್ಣ ಮಾತ್ರ ಹಸಿರು. ಅದರ ಹಿಂಭಾಗ ನಾಲಿಗೆಗೆ ತಾಗಿಸಿದರೆ ನಿಂಬೆಹುಳಿ. ಈ ನೆಲದ ಮೂಲನಿವಾಸಿಗಳಾದ ಕುಕು ಯಲಂಜಿ ಜನರಿಗೆ ಇದು ಆಹಾರವೂ ಹೌದು, ಔಷಧಿಯೂ ಹೌದು.

ಈಗ ನೀರಿನ ವಿಷಯ. ಹೌದು, ನಿಜ. ಸಮುದ್ರಕ್ಕೂ ಇಳಿಯಬೇಡಿ, ಹಳ್ಳ ಬಂದು ಸೇರುವ ಬಾಯಿಯ ಹತ್ತಿರವಂತೂ ಸುಳಿಯಲೇಬೇಡಿ. ಉಪ್ಪುನೀರಿನ ಮೊಸಳೆ ನದಿಯಲ್ಲಷ್ಟೇ ಇರುವುದಲ್ಲ, ಸಮುದ್ರದಲ್ಲೂ ಈಜುತ್ತದೆ, ಒಂದು ಹಳ್ಳದಿಂದ ಇನ್ನೊಂದು ಹಳ್ಳಕ್ಕೆ ತೀರದುದ್ದಕ್ಕೂ ಹೋಗುತ್ತದೆ. ಈ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ 1974ರಿಂದ ಅದಕ್ಕೆ ರಕ್ಷಣೆ ಇದೆ. 2016ರ ಮೇ ತಿಂಗಳಲ್ಲಿ ಇದೇ ದಾರಿಯ ಥಾರ್ನ್‌ಟನ್ ಬೀಚಿನಲ್ಲಿ, ರಾತ್ರಿ ಹೊತ್ತು ಸೊಂಟದ ಮಟ್ಟದ ನೀರಿನಲ್ಲಿದ್ದ ಒಬ್ಬ ಮಹಿಳೆಯನ್ನು ಮೊಸಳೆ ಎಳೆದೊಯ್ದಿತು. ನೀರಿನ ಅಂಚಿನಿಂದ ಕನಿಷ್ಠ 5 ಮೀಟರ್ ದೂರ ಇರಿ ಅನ್ನುವುದು ಅಲ್ಲಿಯ ನಿಯಮ. ನೀರು ಕಲಕಿದ್ದರೆ ಮೊಸಳೆ ಕಾಣುವುದಿಲ್ಲ. ತಿಳಿಯಾಗಿದ್ದರೂ ಕಾಣುತ್ತದೆ ಅಂತೇನಿಲ್ಲ.

ಅಂಬಲಿ ಮೀನುಗಳ (ಜೆಲ್ಲಿಫಿಶ್) ಕಾಟ ನವೆಂಬರಿನಿಂದ ಮೇವರೆಗೆ ಹೆಚ್ಚು. ಜುಲೈಯಲ್ಲಿ ಕಮ್ಮಿ, ಪೂರ್ತಿ ಇಲ್ಲ ಅಂತಲ್ಲ. ಬೀಚಿನ ಕಂಬಗಳಲ್ಲಿ ವಿನೆಗರ್ ಬಾಟಲಿ ಇಟ್ಟಿರುವುದು ಇದಕ್ಕೇ. ಉಗುರಿನಷ್ಟು ಚಿಕ್ಕ ಇರುಕಾಂಜಿ ಎಂಬ ಜಾತಿ ಕುಟುಕಿದರೆ ಅರ್ಧ ಗಂಟೆ ಬಿಟ್ಟು ಮೈಯೆಲ್ಲ ಹಿಂಡುವ ನೋವು. ಆ ನೋವಿಗೆ ಈ ಅಂಬಲಿ ಮೀನೇ ಕಾರಣವಾ ಅಂತ ತಿಳಿಯಲು ಕೇರ್ನ್ಸ್‌ನ ಡಾಕ್ಟರ್ ಜ್ಯಾಕ್ ಬಾರ್ನ್ಸ್ 1961ರಲ್ಲಿ ಅದನ್ನು ತನಗೂ, ತನ್ನ ಒಂಬತ್ತು ವರ್ಷದ ಮಗನಿಗೂ, ಒಬ್ಬ ಜೀವರಕ್ಷಕನಿಗೂ ಕುಟುಕಿಸಿ ನೋಡಿದರು. ಮೂವರೂ ಆಸ್ಪತ್ರೆ ಸೇರಿದರು, ಮೂವರೂ ಬದುಕಿದರು. ವಿಜ್ಞಾನಕ್ಕೆ ಒಳ್ಳೆಯದಾಯಿತು ಅನ್ನಿ, ಆದರೆ ಆ ಹುಡುಗನ ತಾಯಿ ಏನಂದರೋ!

ಮಗಳಿಗೆ ನೀರಾಟ ಬೇಕೇ ಬೇಕು ಅಂದರೆ ಅದನ್ನು ಇನ್ನೊಂದು ದಿನಕ್ಕೆ, ಕೇರ್ನ್ಸ್‌ನ ಈಜುಕೊಳಕ್ಕೆ ಇಟ್ಟುಕೊಳ್ಳಿ. ಕೇಪ್‌ನಿಂದ ಮಕಾಯ್ ಹವಳದ ದಿಬ್ಬಕ್ಕೆ ದೋಣಿಗಳು ಹೋಗುತ್ತವೆ, ಅರ್ಧ ಗಂಟೆಯ ದೂರ. ಚೆನ್ನಾಗಿದೆ, ಆದರೆ ಅರ್ಧ ದಿನ ನುಂಗುತ್ತದೆ.

ಬೀಚಿನಲ್ಲಿ ನೀರಿಗಿಳಿಯದೆ ಏನು ಮಾಡುವುದು ಅಂತೀರಾ? ಇಳಿತದ ಹೊತ್ತಿಗೆ ಹೋಗಿದ್ದರೆ ಕೆಲಸ ಬೇಕಾದಷ್ಟಿದೆ. ಒದ್ದೆ ಮರಳಿನ ತುಂಬ ಸಾಸಿವೆ, ಕಡಲೆ ಗಾತ್ರದ ಮರಳಿನ ಉಂಡೆಗಳ ರಂಗೋಲಿ ಇರುತ್ತದೆ. ನಡುವೆ ಒಂದು ತೂತು, ಅಲ್ಲಿಂದ ಕಿರಣಗಳ ಹಾಗೆ ಸುತ್ತಲೂ ಉಂಡೆಯ ಸಾಲು. ಸ್ಯಾಂಡ್ ಬಬ್ಲರ್ ಎಂಬ ಪುಟ್ಟ ಏಡಿಯ ಕೆಲಸ ಅದು. ಮರಳನ್ನು ಬಾಯಿಗೆ ಹಾಕಿ, ಅದರಲ್ಲಿರುವ ಆಹಾರದ ಕಣ ಮಾತ್ರ ತಿಂದು, ಉಳಿದ ಮರಳನ್ನು ಉಂಡೆ ಮಾಡಿ ಎಸೆಯುತ್ತದೆ. ಒಮ್ಮೆ ತಿಂದದ್ದನ್ನು ಮತ್ತೆ ತಿನ್ನದೆ ಇರಲು ಇದೇ ಗುರುತು. ನೀರು ಏರುವ ಹೊತ್ತಿಗೆ ತೂತು ಮುಚ್ಚಿಕೊಂಡು ಒಳಗೆ ಕೂರುತ್ತದೆ, ಉಬ್ಬರ ರಂಗೋಲಿಯನ್ನು ಒರೆಸಿ ಹಾಕುತ್ತದೆ. ಕಾಲಿನ ಸದ್ದಿಗೆ ಏಡಿ ಒಳಗೆ ಓಡುತ್ತದೆ. ಮಗಳನ್ನು ಐದು ನಿಮಿಷ ಅಲುಗಾಡದೆ ಕೂರಿಸಿದರೆ ಒಂದೊಂದಾಗಿ ಹೊರಬರುತ್ತವೆ. ಅಷ್ಟು ಹೊತ್ತು ಅವಳು ಸುಮ್ಮನಿರುತ್ತಾಳಾ ಅನ್ನುವುದು ನಿಮಗೇ ಗೊತ್ತು. ಚಿಪ್ಪು, ಬೀಜ, ಹವಳದ ಚೂರು ಯಾವುದನ್ನೂ ಜೇಬಿಗೆ ಹಾಕಿಕೊಳ್ಳುವಂತಿಲ್ಲ, ಇದು ರಾಷ್ಟ್ರೀಯ ಉದ್ಯಾನ.

ಈ ಬೀಚಿಗೆ ದುಬುಜಿಯಿಂದ ಹೋಗಿ. ಅಲ್ಲಿ ಹುಲ್ಲಿನ ಜಾಗ, ಶೌಚಾಲಯ ಇದೆ, ಬುತ್ತಿ ಬಿಚ್ಚಲು ಅನುಕೂಲ. ಹಲಗೆ ದಾರಿ ಗಾಲಿಕುರ್ಚಿಯೂ ಹೋಗುವಷ್ಟು ಸಮತಟ್ಟು, ಅಮ್ಮನಿಗೆ ನಿರಾಳ. ಸ್ವಲ್ಪ ಮುಂದೆ ಕುಲ್ಕಿ. ಮರಗಳ ಸಾಲು ಮರಳಿಗೆ ಬಾಗಿ, ಮರಳು ಹವಳದ ದಿಬ್ಬಕ್ಕೆ ಇಳಿಯುವುದು ಇಲ್ಲಿಯ ಕಟ್ಟೆಯಿಂದ ಒಂದೇ ನೋಟಕ್ಕೆ ಸಿಗುತ್ತದೆ. 1981ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಗ್ರೇಟ್ ಬ್ಯಾರಿಯರ್ ರೀಫ್, 1988ರಲ್ಲಿ ಸೇರಿದ ಈ ಮಳೆಕಾಡು, ಎರಡೂ ಒಂದಕ್ಕೊಂದು ಮೈ ತಾಗಿಸಿಕೊಂಡಿರುವ ಜಾಗ.

ಕುಲ್ಕಿ ಅನ್ನುವುದೇ ಈ ತುದಿಯ ಹಳೆಯ ಹೆಸರು, ಕುಕು ಯಲಂಜಿ ಜನರದು. ಟ್ರಿಬ್ಯುಲೇಶನ್ ಅಂದರೆ ಸಂಕಟ. ಆ ಹೆಸರಿಟ್ಟವನು ಜೇಮ್ಸ್ ಕುಕ್. 1770ರ ಜೂನ್ 11ರ ರಾತ್ರಿ ಅವನ ಎಂಡೆವರ್ ಹಡಗು ಇಲ್ಲಿಂದ ಮುಂದೆ ಹವಳದ ದಿಬ್ಬಕ್ಕೆ ಬಡಿದು ಸಿಕ್ಕಿಕೊಂಡಿತು. ಹಗುರ ಮಾಡಲು ಆರು ತೋಪುಗಳನ್ನು ಸಮುದ್ರಕ್ಕೆ ಎಸೆದರು. ಅವು ಮತ್ತೆ ಸಿಕ್ಕಿದ್ದು 1969ರಲ್ಲಿ. ಒಬ್ಬನ ಒಂದು ಕೆಟ್ಟ ರಾತ್ರಿ ಇಡೀ ಊರಿಗೆ ಹೆಸರಾಗಿ ಕೂತಿದೆ, ವಿಚಿತ್ರ ಅಲ್ವಾ?

ಟಾರು ರಸ್ತೆ ಇಲ್ಲಿಗೆ ಮುಗಿಯುತ್ತದೆ. ಮುಂದಿನದು ಬ್ಲೂಮ್‌ಫೀಲ್ಡ್ ದಾರಿ, ಫೋರ್ ವೀಲ್ ಡ್ರೈವ್ ಗಾಡಿಗೆ ಮಾತ್ರ. ಬಾಡಿಗೆ ಕಾರನ್ನು ಅಲ್ಲಿಗೆ ಇಳಿಸಬೇಡಿ. ಆದರೆ ಆ ದಾರಿ ಶುರುವಾಗುವ ಕಡೆ ಒಂದು ನಿಮಿಷ ನಿಲ್ಲಿ. 1983ರ ಡಿಸೆಂಬರಿನಲ್ಲಿ ಬುಲ್ಡೋಜರ್‌ಗಳು ಬಂದಾಗ ಜನ ಇಲ್ಲಿ ಮರಗಳಿಗೆ ತಮ್ಮನ್ನು ಕಟ್ಟಿಕೊಂಡರು, ಕುತ್ತಿಗೆವರೆಗೂ ಮಣ್ಣಲ್ಲಿ ಹೂತುಕೊಂಡು ದಾರಿಗೆ ಅಡ್ಡ ಕೂತರು. ಅವರು ಸೋತರು. 1984ರಲ್ಲಿ ರಸ್ತೆ ಆಯಿತು. ಆದರೆ ಆ ಗಲಾಟೆಯಿಂದ ದೇಶಕ್ಕೆಲ್ಲ ಈ ಕಾಡಿನ ಹೆಸರು ಗೊತ್ತಾಯಿತು. ನಾಲ್ಕು ವರ್ಷದಲ್ಲಿ, ಕ್ವೀನ್ಸ್‌ಲ್ಯಾಂಡ್ ಸರ್ಕಾರ ಬೇಡ ಬೇಡ ಅಂದರೂ, ಕೇಂದ್ರ ಸರ್ಕಾರ ವಿಶ್ವ ಪರಂಪರೆಗೆ ಸೇರಿಸಿತು. 2021ರ ಸೆಪ್ಟೆಂಬರಿನಲ್ಲಿ ಉದ್ಯಾನದ ಒಡೆತನ ಪೂರ್ವ ಕುಕು ಯಲಂಜಿ ಜನರಿಗೆ ಮರಳಿತು. ಈಗ ಅವರೂ ಸರ್ಕಾರವೂ ಸೇರಿ ನೋಡಿಕೊಳ್ಳುತ್ತಾರೆ. ಸಾಧ್ಯವಾದರೆ ಒಂದು ಗಂಟೆ ಕುಕು ಯಲಂಜಿ ಮಾರ್ಗದರ್ಶಕರ ಜೊತೆ ನಡೆಯಿರಿ, ಮೊದಲೇ ಬುಕ್ ಮಾಡಬೇಕು. ನಾನು ಇಷ್ಟುದ್ದ ಬರೆದದ್ದರಲ್ಲಿ ಅರ್ಧ ಅವರು ಅಲ್ಲೇ ಕೈಗೆ ಕೊಟ್ಟು ತೋರಿಸುತ್ತಾರೆ.

ಜುಲೈಯಲ್ಲಿ ಆರರ ಹೊತ್ತಿಗೆಲ್ಲ ಸೂರ್ಯ ಮುಳುಗಿರುತ್ತಾನೆ. ಉಷ್ಣವಲಯದಲ್ಲಿ ಮುಸ್ಸಂಜೆ ಅನ್ನುವುದು ತೀರಾ ಚಿಕ್ಕದು, ಕತ್ತಲು ದಬಕ್ಕನೆ ಬೀಳುತ್ತದೆ. ಆ ಹೊತ್ತಿಗೆ ಬೀಚಿನಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ನೊಣಗಳು ಏಳುತ್ತವೆ, ಕಾಲು ಮುಚ್ಚುವ ಬಟ್ಟೆ ಇರಲಿ. ನಾಲ್ಕೂವರೆಗೆ ಕೇಪ್ ಬಿಟ್ಟರೆ ಬೆಳಕಿರುವಾಗಲೇ ಬೆಟ್ಟದ ತಿರುವುಗಳನ್ನು ದಾಟಿ ಫೆರ್ರಿ ಹತ್ತಬಹುದು. ದಾರಿಯಲ್ಲಿ ಮುಂದಿನ ಕಾರು ಕಾರಣವಿಲ್ಲದೆ ನಿಂತಿದ್ದರೆ ಹಾರ್ನ್ ಹಾಕಬೇಡಿ, ನೀವೂ ನಿಲ್ಲಿಸಿ ಕಾಯಿರಿ. ನನಗೆ ಕ್ಯಾಸೊವರಿ ಅತಿ ಹತ್ತಿರದಿಂದ ಕಂಡದ್ದು ಹಾಗೆ, ಮೂರು ಮರಿಗಳ ಜೊತೆ, ವಾಪಸ್ ಬರುವಾಗ, ರಸ್ತೆಯ ಮೇಲೆ.